ಒರೆಸಿಟ್ಟ ವಾಲ್ವ್‌ಗಳು

ಮೈದುನ ಕೊನೆಯ ವಾಲ್ವನ್ನೂ ಸೀಮೆಎಣ್ಣೆಯಲ್ಲಿ ಅದ್ದಿ, ಫಳಫಳ ಹೊಳೆಯುವಂತೆ ಒರೆಸಿ, ಮಿಕ್ಕವುಗಳ ಜೊತೆ ಬಕೆಟ್ಟಿಗೆ ಹಾಕುತ್ತಿದ್ದಾಗ ಅವಳು ಶೆಡ್ಡಿನ ಬಾಗಿಲಿಗೆ ಬಂದಳು.

"ಅಣ್ಣನ್ನ ಇಲ್ಲೇ ಮಲಗಿಸೋಣ ಅತ್ತಿಗೆ. ಮನೇಲಿ ಕಾಲಿಡೋಕೂ ಜಾಗ ಇಲ್ಲ," ಎಂದ. "ಬಂದವ್ರು ಈ ಗಲೀಜು ನೋಡಬಾರ್ದು ಅಂತ ಎಲ್ಲಾ ತೊಳೆದಿಟ್ಟೆ."

ಅವಳು ಬೆಂಚಿನ ಕಡೆ ನೋಡಿದಳು. ನಿನ್ನೆಯವರೆಗೆ ಅದರ ಮೇಲೆ ಹಳೇ ಕಾರಿನ ಇಂಜಿನ್ನಿನ ಭಾಗಗಳು ಸಾಲಾಗಿದ್ದವು, ಒಂದೊಂದರ ಪಕ್ಕದಲ್ಲೂ ಅದು ಯಾವ ಜಾಗದ್ದೆಂದು ಗಂಡ ಬರೆದ ಸೀಮೆಸುಣ್ಣದ ಗುರುತು. ಆ ಗುರುತನ್ನೂ ಮೈದುನ ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಿದ್ದ. ಬಟ್ಟೆ ಇಸ್ತ್ರಿ ಮಾಡಿ ಬದುಕುವವನು. ಕಲೆ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಗಂಡ ಹೊಂದಿಸಿದ್ದ ಹಾಗೆಯೇ ಎಲ್ಲವನ್ನೂ ಜೋಡಣೆ ಮಾಡಿಸಿ, ಒಂದೇ ಒಂದು ಸಲ ಆ ಇಂಜಿನ್ನಿನ ಸದ್ದು ಕೇಳಬೇಕೆಂದು ಅವನು ಕಣ್ಣು ಮುಚ್ಚಿದಾಗ ಅವಳು ಆಸ್ಪತ್ರೆಯಲ್ಲೇ ನಿಶ್ಚಯಿಸಿದ್ದಳು. ಈಗ ಆ ಗುರುತೇ ಇಲ್ಲ. ಆದರೆ ಅತ್ತು ಅತ್ತು ಕಣ್ಣು ಊದಿಸಿಕೊಂಡವನನ್ನು ಏನೆಂದು ಬೈಯುವುದು?

"ಆಸ್ಪತ್ರೆ ಗಾಡಿ ಬಂತು," ಎಂದಷ್ಟೇ ಹೇಳಿದಳು.

*

ಊರೆಲ್ಲ ಬೋಲ್ಟಣ್ಣ ಎಂದು ಕರೆಯುತ್ತಿದ್ದ ಅವಳ ಗಂಡ ಒಮ್ಮೆ ಊಟದ ತಟ್ಟೆಯ ಪಕ್ಕದಲ್ಲೇ ಪಿಸ್ಟನ್ ಇಟ್ಟುಕೊಂಡು ಕೂತಿದ್ದ.

"ಒಳಗಡೆ ಬೆರಳಾಡಿಸಿ ನೋಡೇ. ಯಾರ ಕಣ್ಣಿಗೂ ಬೀಳದ ಜಾಗ. ಅಲ್ಲೂ ಅರ ಹಾಕಿ ನುಣುಪು ಮಾಡಿದ್ದಾನೆ ಇದನ್ನ ತಯಾರಿಸಿದ ಪುಣ್ಯಾತ್ಮ."

"ನಿಮ್ಮ ಅಂಗಿ ಒಳಗೆ ನಾನು ಹಾಕಿರೋ ಹೊಲಿಗೇನ ಯಾವತ್ತಾದ್ರೂ ಹೀಗೆ ಹೊಗಳಿದ್ದೀರಾ?"

ಅವನು ಕಾಲರ್ ತಿರುವಿ ನಿಜಕ್ಕೂ ಹೊಲಿಗೆ ನೋಡಿದ. ಆಮೇಲೆ ಮತ್ತೆ ತನ್ನದೇ ರಾಗ. "ವಾಲ್ವ್‌ಗಳನ್ನೆಲ್ಲ ಅದರದರ ಜಾಗದಲ್ಲೇ ಉಜ್ಜಿ ಹೊಂದಿಸಿದ್ದೀನಿ. ನೋಡೋಕೆ ಎಲ್ಲಾ ಒಂದೇ ಥರ, ಆದ್ರೆ ಜಾಗ ಅದಲುಬದಲಾದ್ರೆ ಸೋರುತ್ತೆ. ಸ್ಟಾರ್ಟ್ ಮಾಡೋ ದಿನ ನೀನು ಪಕ್ಕದಲ್ಲಿರಬೇಕು, ಆಯ್ತಾ?"

"ಮೊದ್ಲು ಊಟ ಮಾಡಿ," ಎಂದಿದ್ದಳು.

*

ಮಣ್ಣು ಮುಗಿಸಿ ಬಂದವರೆಲ್ಲ ಒಬ್ಬೊಬ್ಬರೇ ಹೊರಟರು. ಗ್ಯಾರೇಜಿನಲ್ಲಿ ಗಂಡನ ಜೊತೆ ದುಡಿದ ಗೆಳೆಯ ಮಾತ್ರ ಉಳಿದ. ಶೆಡ್ಡಿಗೆ ಬಂದು ಬಕೆಟ್ಟಿನೊಳಗೆ ಕೈ ಹಾಕಿ, ಒಂದೆರಡು ವಾಲ್ವ್ ಎತ್ತಿ ತಿರುವಿ ನೋಡಿದ.

"ಯಾರು ಮಾಡಿದ್ದು ಇದನ್ನ?"

"ನಾನೇ," ಎಂದ ಮೈದುನ. "ಇನ್ನೂ ಜಿಡ್ಡಿದ್ಯಾ?"

ಗೆಳೆಯ ಅವಳ ಕಡೆ ತಿರುಗಿದ. "ಇಂಜಿನ್ ಓಡುತ್ತೆ ಅಕ್ಕ, ಓಡಿಸ್ತೀನಿ. ಆದ್ರೆ ಯಾವ ವಾಲ್ವ್ ಎಲ್ಲಿತ್ತು ಅಂತ ಗೊತ್ತಿಲ್ದೆ ಎಲ್ಲಾ ಮತ್ತೆ ಉಜ್ಜಬೇಕು. ಅವನು ಮಾಡಿದ ಕೆಲಸ ಉಳಿಯಲ್ಲ."

"ಅದೇ ಉಳೀಬೇಕು."

"ಹಾಗಾದ್ರೆ ನೀವೇ ಹೇಳ್ಬೇಕು. ಅವನು ಕೆಲಸ ಮಾಡೋವಾಗ ದೀಪ ಹಿಡೀತಿದ್ದವರು ನೀವೇ ಅಲ್ವಾ?"

ಹೌದು, ಅವಳೇ. ಕೈ ಸೋತು ಬರುವಷ್ಟು ಹೊತ್ತು ಹಿಡಿಯುತ್ತಿದ್ದಳು. ಆದರೆ ಆ ಬೆಳಕಿನಲ್ಲಿ ಅವಳು ನೋಡುತ್ತಿದ್ದದ್ದು ಅವನ ಮುಖವನ್ನು. ಕೈಯಲ್ಲಿ ಏನಿತ್ತೆಂದು ಒಂದು ದಿನವೂ ಗಮನಿಸಿರಲಿಲ್ಲ.

ಮೈದುನನಿಗೆ ಈಗ ಅರ್ಥವಾಗಿತ್ತು. ಗೋಡೆಗೆ ಒರಗಿ ಕೂತ.

ಅವಳು ಬಕೆಟ್ಟಿನಿಂದ ಒಂದು ವಾಲ್ವ್ ಎತ್ತಿಕೊಂಡು ಇಂಜಿನ್ನಿನ ಮೊದಲ ತೂತಿನಲ್ಲಿ ಇಳಿಬಿಟ್ಟಳು. ಸಲೀಸಾಗಿ ಇಳಿದು ಕೂತಿತು. ತೆಗೆದು ಪಕ್ಕದ್ದರಲ್ಲಿ ಇಟ್ಟಳು. ಅಲ್ಲೂ ಕೂತಿತು. ಅದರಾಚೆಯದರಲ್ಲೂ ಕೂತಿತು.