ಮೊದಲ ಗುಂಡಿನ ಒತ್ತಡ

ಸ್ಸ್ ಎಂದು ಎಲ್ಲಿಂದಲೋ ಗಾಳಿ ಸೋರುತ್ತಿದೆ, ಇದರಿಂದಲ್ಲ, ಪಕ್ಕದ್ದರಿಂದ, ಕಿವಿಯ ಹತ್ತಿರ ಹಿಡಿದರೆ ಗೊತ್ತಾಗುತ್ತದೆ, ಹೌದು ಪಕ್ಕದ್ದೇ, ಟ್ಯಾಂಕು ಸೇರುವಲ್ಲಿನ ರಬ್ಬರ್ ರಿಂಗು ಸತ್ತಿದೆ, ಅದನ್ನು ಆಮೇಲೆ ನೋಡುವ, ಈಗ ನನಗೆ ಈ ಒಂದು ಮಾರ್ಕರ್ ಸಾಕು, ಬಣ್ಣದ ಗುಂಡು ಹಾರಿಸುವ ಆಟದ ಬಂದೂಕನ್ನು ಮಾರ್ಕರ್ ಎನ್ನಬೇಕು, ಗನ್ ಅಂದ್ರೆ ಗಿರಾಕಿಗಳು ಹೆದರ್ತಾರೆ ಭವ್ಯಾ ಎಂದು ಈ ಆಟದ ಮೈದಾನ ನಡೆಸುವ ಶಾಫಿಯಣ್ಣ ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟದ್ದು, ಹೆದರಲಿ, ಇವತ್ತು ಒಬ್ಬ ಹೆದರಲೇಬೇಕು — ಅಗೋ ಅಲ್ಲಿದ್ದಾನೆ, ತಗಡಿನ ಮಾಡಿನ ಕೆಳಗೆ, ಕಾಗದದ ಲೋಟದಲ್ಲಿ ಚಾ ಕುಡಿಯುತ್ತಾ, ಚಿದಾನಂದ, ಬೆಳ್ತಂಗಡಿಯ ಟೈಲ್ಸ್ ಅಂಗಡಿಯ ಮ್ಯಾನೇಜರ್, ತನ್ನ ಕೈಕೆಳಗಿನವರನ್ನು ಆಟ ಆಡಿಸಲು ಮೂಡಬಿದಿರೆಯವರೆಗೆ ಕರೆತಂದಿದ್ದಾನೆ, ಅವನು ನಕ್ಕರೆ ಅವರೆಲ್ಲ ನಗುತ್ತಾರೆ, ನಗಲಿ ನಗಲಿ, ಆ ಲೋಟ ಹಿಡಿದ ಕೈ, ದಪ್ಪ ಬೆರಳಿನ ಬಲಗೈ, ಅದೇ ಕೈ.

ಆ ಕೈಯನ್ನು ನಾನು ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ, ಯಾರೋ ಪುಣ್ಯಾತ್ಮ ಎದುರಿನ ಅಂಗಡಿಯಿಂದ ತೆಗೆದ ವಿಡಿಯೊ, ಬಿ.ಸಿ.ರೋಡಿನ ಏರಿನಲ್ಲಿ ಅಪ್ಪ ಓಡಿಸುವ ಬಸ್ಸು, ಜನ ಬಾಗಿಲಲ್ಲೂ ನೇತಾಡುತ್ತಿದ್ದಾರೆ, ಬಸ್ಸಿನ ಕನ್ನಡಿ ಇವನ ಕಾರಿಗೆ ಒಂಚೂರು ತಾಗಿತಂತೆ, ತಾಗಿತೋ ಇಲ್ಲವೋ ದೇವರಿಗೇ ಗೊತ್ತು, ಇವನು ಕಾರಿನಿಂದ ಇಳಿದು ಬಂದು ಡ್ರೈವರನ ಬಾಗಿಲು ಎಳೆದು ಮೆಟ್ಟಿಲು ಹತ್ತಿ — ಕೈ ಎತ್ತುತ್ತಾನೆ, ಅಲ್ಲಿ ನಿಲ್ಲಿಸುತ್ತೇನೆ, ಐದೂ ಬೆರಳು ಅಗಲಿಸಿದ ಅಂಗೈ, ಮುಂದಕ್ಕೆ ಬಿಟ್ಟರೆ ಅದು ಕೆನ್ನೆಗೆ ಬೀಳುತ್ತದೆ, ಕನ್ನಡಕ ಹಾರುತ್ತದೆ, ಅಪ್ಪನ ಎರಡೂ ಕೈ ಸ್ಟೇರಿಂಗಿನ ಮೇಲೆಯೇ. ನೀವು ಯಾಕೆ ಅಪ್ಪ ತಿರುಗಿ ಒಂದು ಕೊಡಲಿಲ್ಲ ಎಂದು ಕೇಳಿದ್ದೆ, ಕಾಲು ಬ್ರೇಕಿನ ಮೇಲಿತ್ತು ಮಗಾ, ಏರಲ್ವಾ ಅದು, ಕಾಲು ಜಾರಿದ್ರೆ ಬಸ್ಸು ಹಿಂದೆ ಹೋಗ್ತಿತ್ತು, ಹಿಂದೆ ಸ್ಕೂಟರಿನಲ್ಲಿ ಒಬ್ಬಳು ಮಗುವನ್ನು ಕೂರಿಸಿಕೊಂಡು ನಿಂತಿದ್ದಳು, ನಾನು ಕನ್ನಡಿಯಲ್ಲಿ ಅವಳನ್ನೇ ನೋಡ್ತಾ ಇದ್ದೆ. ಪೆಟ್ಟು ತಿನ್ನುವಾಗಲೂ ಹಿಂದಿನವರನ್ನು ನೋಡುತ್ತಿದ್ದ ಮನುಷ್ಯ! ವಿಡಿಯೊ ನೋಡಿ ನಕ್ಕವರಿಗೆ ಅದೆಲ್ಲ ಗೊತ್ತುಂಟಾ, ಅದಕ್ಕೆ ಕೋಡಂಗಿ ಸಂಗೀತ ಬೇರೆ ಸೇರಿಸಿದ್ದರು, ನನಗೆ ಕಳಿಸಿದವಳು ನನ್ನ ಜೊತೆಯಲ್ಲೇ ಓದಿದವಳು, ಅದು ನನ್ನ ಅಪ್ಪ ಎಂದು ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನ ಯಜಮಾನರು ಹೇಳಿದರು, ಒಂದೇ ಪೆಟ್ಟಲ್ವಾ ನೋಣಯ್ಯ, ದೊಡ್ಡದು ಮಾಡುವುದು ಬೇಡ ಮಾರಾಯ. ಅಪ್ಪ ದೊಡ್ಡದು ಮಾಡಲಿಲ್ಲ, ಬಸ್ಸು ಬಿಟ್ಟರು, ಈಗ ಬಂಟ್ವಾಳ ಪೇಟೆಗೂ ಇಳಿಯುವುದಿಲ್ಲ, ಅಂಗಳದಲ್ಲಿ ಯಾರದ್ದಾದರೂ ಚಪ್ಪಲಿಯ ಸದ್ದಾದರೆ ಎದ್ದು ಒಳಗೆ ಹೋಗುತ್ತಾರೆ.

ಒಂದೇ ಪೆಟ್ಟು ತಾನೇ, ಆಗಲಿ, ನನಗೂ ಒಂದೇ ಸಾಕು. ಅಲೆನ್ ಕೀ ಎಲ್ಲಿ, ಇಲ್ಲಿದೆ, ರೆಗ್ಯುಲೇಟರಿನ ಅಡಿಯ ಸ್ಕ್ರೂವಿಗೆ ಕೂರಿಸು, ಒಳಕ್ಕೆ ತಿರುಗಿಸು, ಮೆಲ್ಲ, ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ಬೇಕಾದಷ್ಟೇ ಅಳೆದು ಒಳಗೆ ಬಿಡುವುದು ಇದರ ಕೆಲಸ, ಇವತ್ತು ನಾನು ಹೇಳಿದಷ್ಟು ಬಿಡಲಿ, ಗೇಜಿನ ಮುಳ್ಳು ಏರುತ್ತಿದೆ, ಇನ್ನೂ ಸ್ವಲ್ಪ, ಇನ್ನೂ, ಇಷ್ಟು ಒತ್ತಡಕ್ಕೆ ಗುಂಡು ಬಟ್ಟೆಯ ಮೇಲೆ ಬಿದ್ದರೂ ಚರ್ಮ ಒಡೆಯುತ್ತದೆ, ಒಡೆಯಲಿ. ಕೆನ್ನೆಗೇ ಕೊಡಬೇಕಿತ್ತು, ಕೆನ್ನೆಗೆ ಮಾಸ್ಕ್ ಉಂಟು, ಕಣ್ಣಿನ ತಂಟೆ ನನಗೆ ಬೇಡ, ನಾನೇನು ರಾಕ್ಷಸಿಯಲ್ಲ, ಕಿವಿಯ ಕೆಳಗೆ, ಕಾಲರಿಗೂ ಮಾಸ್ಕಿಗೂ ನಡುವೆ ಕಾಣುವ ಆ ಕೊಬ್ಬಿದ ಕುತ್ತಿಗೆಗೆ. ಈಗ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸು, ಮೊದಲಿದ್ದಲ್ಲಿಗೇ, ಶಾಫಿಯಣ್ಣ ಹೆಂಡತಿಯ ನೇಲ್ ಪಾಲಿಶಿನಲ್ಲಿ ಹಾಕಿದ ಕೆಂಪು ಗುರುತಿಗೆ ಸರಿಯಾಗಿ, ಮುಳ್ಳು ಇಳಿಯಲಿಲ್ಲ, ಇಳಿಯುವುದೂ ಇಲ್ಲ, ಇದನ್ನೂ ಅವರೇ ಕಲಿಸಿದ್ದು, ಏರಿಸಿದ್ರೆ ಕೂಡಲೇ ಏರ್ತದೆ ಭವ್ಯಾ, ಇಳಿಸಿದ್ರೆ ಇಳಿಯುವುದಿಲ್ಲ, ಒಳಗೆ ನಿಂತ ಗಾಳಿ ಹೊರಗೆ ಹೋಗ್ಬೇಕಲ್ಲ, ಗುಂಡು ಹಾಕದೆ ಎರಡು ಸಲ ಹೊಡೆದು ಬಿಡು, ಇಲ್ಲದಿದ್ರೆ ಮೊದಲ ಗುಂಡು ಯಾರ ಚರ್ಮವನ್ನಾದ್ರೂ ಸುಲಿದೀತು. ಹೊಡೆದು ಬಿಡುವುದಿಲ್ಲ ಅಣ್ಣ, ಕ್ಷಮಿಸಿ, ಮೊದಲ ಗುಂಡು ನನ್ನ ಅಪ್ಪನದ್ದು. ಆಮೇಲೆ ಯಾರು ಬೇಕಾದರೂ ಪರೀಕ್ಷೆ ಮಾಡಲಿ, ವೇಗ ಅಳೆಯುವ ಡಬ್ಬಿಯ ಮುಂದೆ ಹಿಡಿಯಲಿ, ಎರಡನೆಯ ಗುಂಡಿನಿಂದ ಎಲ್ಲ ನಿಯಮದ ಪ್ರಕಾರವೇ, ಸ್ಕ್ರೂ ಗುರುತಿನ ಮೇಲೆಯೇ, ನನ್ನ ಮೇಲೆ ಬೆರಳು ತೋರಿಸಲು ಏನೂ ಉಳಿಯುವುದಿಲ್ಲ.

ಅಯ್ಯೋ ಬಂದರು, ಎಲ್ಲ ಸೆಟ್ ಆಯ್ತಾ, ಆಯ್ತು ಶಾಫಿಯಣ್ಣ, ಕೊಡು ನೋಡುವ, ಕೈಗೆ ತೆಗೆದುಕೊಂಡರು, ಗೇಜಿನ ಮೇಲೆ ನಾನು ಬಟ್ಟೆ ಒತ್ತಿ ಹಿಡಿದು ಒರೆಸುವ ಹಾಗೆ ಮಾಡುತ್ತೇನೆ, ಅವರು ಗುರುತು ನೋಡುತ್ತಾರೆ, ಬೆರಳು ಟ್ರಿಗರಿನ ಕಡೆಗೆ ಹೋಗುತ್ತದೆ, ಒಂದು ಖಾಲಿ ಹೊಡೆದರೆ ಮುಗಿಯಿತು ನನ್ನ ಕಥೆ, ಬೇಡ ಅಣ್ಣ ಬೇಡ — ಅಣ್ಣಾ, ಆ ಪಕ್ಕದ್ದು ಸೋರ್ತಾ ಉಂಟು, ಕೇಳಿಸ್ತದಾ, ಎಲ್ಲಿ ಎಂದು ಇದನ್ನು ನನಗೇ ಕೊಟ್ಟು ಅದನ್ನು ಎತ್ತಿಕೊಂಡರು, ಹೌದಲ್ಲ ಮಾರಾಯ್ತಿ, ಒಳ್ಳೆಯ ಕಿವಿ ನಿನ್ನದು. ಅವರ ಮುಖ ನೋಡಲಾಗಲಿಲ್ಲ, ಒಂದು ಕ್ಷಣ ನಾಚಿಕೆಯಾಯಿತು, ಒಂದೇ ಕ್ಷಣ. ಆ ಟೈಲ್ಸ್ ಅಂಗಡಿಯವರಲ್ಲಿ ಒಬ್ಬ ಕಡಿಮೆ ಉಂಟು ಭವ್ಯಾ, ಮ್ಯಾನೇಜರಿನ ಎದುರು ಪಾರ್ಟಿಗೆ ನೀನೇ ಸೇರಿಕೋ, ಸೇರ್ತೇನೆ ಅಣ್ಣ, ಅದಕ್ಕೇ ಅಲ್ಲವೇ ಬೆಳಿಗ್ಗೆಯಿಂದ ಕಾಯುತ್ತಿರುವುದು. ಮಾಸ್ಕ್ ಹಂಚುವಾಗ ಚಿದಾನಂದ ನನ್ನ ಕಣ್ಣನ್ನೇ ನೋಡಿ ಕೇಳಿದ, ಅಕ್ಕ, ಇದು ತಾಗಿದ್ರೆ ನೋವಾಗ್ತದಾ, ಇಲ್ಲ ಸರ್, ಇರುವೆ ಕಚ್ಚಿದ ಹಾಗೆ ಅಷ್ಟೇ, ನಕ್ಕ, ನಾನೂ ನಕ್ಕೆ, ಪಟ್ಟಿ ಬಿಗಿ ಮಾಡಿಕೊಟ್ಟೆ, ನನ್ನ ಬೆರಳಿಗೆ ಅವನ ಕುತ್ತಿಗೆಯ ಬೆವರು ತಾಗಿತು, ಥೂ.

ಸೀಟಿ. ಇದು ಮೊದಲು ಕೆಂಪು ಮುರಕಲ್ಲು ಕಡಿಯುವ ಕೋರೆಯಾಗಿದ್ದ ಜಾಗ, ಕಡಿದ ಗೋಡೆಗಳು ನೆಟ್ಟಗೆ ನಿಂತಿವೆ, ಟಯರು, ಡ್ರಮ್ಮು, ಹರಿದ ಟಾರ್ಪಾಲು, ಇದರ ಸಂದುಗೊಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಟಪ್ ಟಪ್ ಎಂದು ಎಲ್ಲರೂ ಹಾರಿಸುತ್ತಿದ್ದಾರೆ, ನಾನು ಹಾರಿಸುವುದಿಲ್ಲ, ಒಂದನ್ನೂ ಇಲ್ಲ, ಗೋಡೆ ಹಿಡಿದು ಬಗ್ಗಿ ಹೋಗುತ್ತೇನೆ, ಮಾಸ್ಕಿನೊಳಗೆ ನನ್ನದೇ ಉಸಿರು, ಡ್ರಮ್ಮಿನ ಹಿಂದೆ ನೀಲಿ ಅಂಗಿ, ಅವನೇ, ನನಗೆ ಬೆನ್ನು ಹಾಕಿ ಕೂತಿದ್ದಾನೆ, ಕುತ್ತಿಗೆ ಕಾಣುತ್ತದೆ, ಇಷ್ಟು ಹತ್ತಿರದಿಂದ ಹೊಡೆಯಬಾರದು, ಸರೆಂಡರ್ ಎಂದು ಕೂಗಬೇಕು, ನಿಯಮ, ಅಪ್ಪನಿಗೆ ಯಾರು ಕೂಗಿದರು, ಬೆರಳು ಟ್ರಿಗರಿನ ಮೇಲೆ — ಕಾಲಡಿಯ ಕಲ್ಲು ಸರಿಯಿತು, ಅವನು ತಿರುಗಿದ, ನನ್ನನ್ನು ಕಂಡ, ಕೈ ಎತ್ತಿದ. ಐದೂ ಬೆರಳು ಅಗಲಿಸಿ, ಅಂಗೈ ನನ್ನ ಕಡೆಗೆ. ಹೊಡೆದೆ. ಶಬ್ದವೇ ಬೇರೆ, ಟಪ್ ಅಲ್ಲ, ಕೋರೆಯ ನಾಲ್ಕೂ ಗೋಡೆಗೆ ಬಡಿದು ಬಂತು, ಅವನು ಕೂಗಲಿಲ್ಲ, ಕೂಗಲು ಉಸಿರು ಸಿಕ್ಕಲಿಲ್ಲ ಅವನಿಗೆ, ಆಹಾ ಎಂದುಕೊಂಡೆ, ಹೊಟ್ಟೆ ತಣ್ಣಗಾಯಿತು, ನಿಜವಾಗಿ ಆಯಿತು, ಒಂದು ಗಳಿಗೆ. ಬೇಡ ಅಕ್ಕ, ಬೇಡ, ಇನ್ನೊಂದು ಹೊಡೀಬೇಡಿ. ಮಂಡಿಯೂರಿದ್ದಾನೆ, ಕೈ ಹಾಗೆಯೇ ಮೇಲಿದೆ, ನಾನು ಮಾಸ್ಕ್ ತೆಗೆಯಲಿಲ್ಲ, ಮಾಸ್ಕಿನೊಳಗಿಂದಲೇ ಹೇಳಿದೆ, ಇಷ್ಟು ಸಮಯ ಇವನಿಗೆಂದೇ ಇಟ್ಟುಕೊಂಡಿದ್ದ ಮಾತು, ನಾನು ನೋಣಯ್ಯನ ಮಗಳು. ಅವನು ನನ್ನನ್ನು ನೋಡಿದ, ಯೋಚಿಸಿದ, ಪಾಪ ನಿಜವಾಗಿಯೂ ಯೋಚಿಸಿದ, ನೆನಪು ಮಾಡಿಕೊಳ್ಳಲು ನೋಡಿದ, ಯಾವ ನೋಣಯ್ಯ ಅಕ್ಕ. ಯಾವ ನೋಣಯ್ಯ. ಬಸ್ಸು, ಬಿ.ಸಿ.ರೋಡು, ಏರು, ಎಂದು ಹೇಳಬೇಕು, ಯಾವ ನೋಣಯ್ಯ ಅಂತೆ, ಶಾಫಿಯಣ್ಣ ಓಡಿ ಬರುತ್ತಿದ್ದಾರೆ, ಏನಾಯ್ತು ಭವ್ಯಾ ಏನಾಯ್ತು, ಅವನ ಕೈ ಇನ್ನೂ ಕೆಳಗಿಳಿಯಲಿಲ್ಲ, ಅಂಗೈ ತುಂಬ ಗುಂಡಿನ ಹಳದಿ ಬಣ್ಣ, ಹಳದಿಯ ನಡುವಿನಿಂದ ಮೊಣಕೈಗೆ ಇಳಿಯುವ ಸಣ್ಣ ಕೆಂಪು ಗೆರೆ, ಆ ಕೈ, ಅಗಲಿಸಿದ ಐದು ಬೆರಳು, ಆ ಕೈ