ಗುಬ್ಬಿ ನಬೋರನ ಐದು ತಿಂಗಳು

ನಬೋರ್ ಒಲ್ವೇರಾ ಜಗತ್ತಿನ ಚಾಂಪಿಯನ್ ಆಗಿದ್ದದ್ದು ಐದು ತಿಂಗಳು ಒಂಬತ್ತು ದಿನ. ಪತ್ರಿಕೆಯವರು ಅರ್ಧ ವರ್ಷ ಎಂದು ಬರೆದದ್ದುಂಟು, ಅವರ ಮಾತು ನಂಬಬೇಡಿ. ಆ ಐದು ತಿಂಗಳಲ್ಲಿ ಕೈಗೆ ಸಿಕ್ಕ ದಿನವೆಲ್ಲ ಅವನನ್ನು ತೂಕದ ಯಂತ್ರದ ಮೇಲೆ ಹತ್ತಿಸಿದವನು ನಾನು.

ನನ್ನ ಹೆಸರು ಕಾಸ್ತುಲೋ. ಲಾ ಮೆರ್ಸೆದ್ ಮಾರುಕಟ್ಟೆಯ ಹಿಂದಿನ ಸ್ನಾನಗೃಹದಲ್ಲಿ ಮೂವತ್ತು ವರ್ಷ ಹಬೆಕೋಣೆ ನೋಡಿಕೊಂಡೆ. ಕೆಳಗೆ ಸ್ನಾನ, ಮಹಡಿಯ ಮೇಲೆ ಬಾಕ್ಸಿಂಗ್ ಗರಡಿ. ಮೇಲೆ ಹೊಡೆದಾಡಿ ಬಂದವರನ್ನು ಕೆಳಗೆ ನಾನು ಬೇಯಿಸುತ್ತಿದ್ದೆ. ಪಂದ್ಯದ ಬೆಳಿಗ್ಗೆ ತೂಕ ಹೆಚ್ಚಿದ್ದರೆ ಹುಡುಗರನ್ನು ಒಳಗೆ ಕೂರಿಸಿ, ಹೊರಗಿನಿಂದ ಅಗುಳಿ ಹಾಕಿ, ಗಡಿಯಾರ ನೋಡುತ್ತಾ ಕೂರುವುದು ನನ್ನ ಕೆಲಸ. ಒಳಗಿನಿಂದ ಬಾಗಿಲು ಬಡಿಯುತ್ತಾರೆ, ಅಳುತ್ತಾರೆ, ನನ್ನ ಸತ್ತ ತಾಯಿಯನ್ನೂ ಬಿಡದೆ ಬೈಯುತ್ತಾರೆ. ನಾನು ತೆಗೆಯುತ್ತಿರಲಿಲ್ಲ. ಕಲ್ಲೆದೆಯವನು ಎಂದು ಹೆಸರಾಗಿತ್ತು, ಆ ಹೆಸರು ನನಗೆ ಇಷ್ಟವೂ ಆಗಿತ್ತು.

ನಬೋರ್ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ ಹಮಾಲಿ. ಸಣ್ಣ ಆಳು, ಒಂದೆಡೆ ನಿಲ್ಲದ ಕಾಲು, ಬಡಾವಣೆಯವರು ಗುಬ್ಬಿ ಎಂದೇ ಕರೆಯುತ್ತಿದ್ದರು. ಅವನನ್ನು ಗರಡಿಗೆ ಎಳೆದು ತಂದವರು ದೋನ್ ಎವೋದಿಯೋ. ಗರಡಿಯ ಗುರು, ಹಳೆಯ ಬಾಕ್ಸರ್, ಒಂದು ಕಿವಿ ಕೇಳಿಸುತ್ತಿರಲಿಲ್ಲ, ಇನ್ನೊಂದರಲ್ಲಿ ತಮಗೆ ಬೇಕಾದದ್ದು ಮಾತ್ರ ಕೇಳಿಸಿಕೊಳ್ಳುತ್ತಿದ್ದರು. ಐವತ್ನಾಲ್ಕರ ಮಾರ್ಚಿನಲ್ಲಿ ಗೂಳಿಕಾಳಗದ ಬಯಲಿನಲ್ಲಿ ನಮ್ಮ ಗುಬ್ಬಿ ಹನ್ನೊಂದನೇ ಸುತ್ತಿನಲ್ಲಿ ಚಾಂಪಿಯನ್ನನ್ನು ಮಲಗಿಸಿದ. ಫೆದರ್‌ವೇಟ್ ಪಟ್ಟ ಈರುಳ್ಳಿ ಮೂಟೆಗಳ ನಡುವೆ ಮೆರವಣಿಗೆ ಬಂತು. ನಾನು ಅತ್ತೆ. ಹಬೆಯಿಂದ ಕಣ್ಣು ಕೆಂಪಾಗಿದೆ ಎಂದು ಹೇಳಿಕೊಂಡೆ, ಆ ದಿನ ಹಬೆ ಹಾಕಿರಲೇ ಇಲ್ಲ.

ಪಟ್ಟ ಉಳಿಯಬೇಕಾದರೆ ಆಗಸ್ಟಿನಲ್ಲಿ ಪನಾಮಾದವನೊಬ್ಬನ ಜೊತೆ ಆಡಬೇಕಿತ್ತು. ಆಡುವ ಮೊದಲು ಐವತ್ತೇಳು ಕಿಲೋ ನೂರೈವತ್ತು ಗ್ರಾಮಿಗೆ ಇಳಿಯಬೇಕಿತ್ತು. ಒಂದು ಗ್ರಾಮ್ ಹೆಚ್ಚಾದರೂ ಪಟ್ಟ ಹೋಯಿತು. ಪನಾಮಾದವನ ಬಗ್ಗೆ ನಮಗೆ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ನಬೋರನ ಬಾಯಿಯ ಬಗ್ಗೆ.

ಗೆದ್ದ ವಾರವೇ ನಾಲ್ಕು ದಿನ ಕಾಣೆಯಾದ. ಕೊನೆಗೆ ಸೋಚಿಮಿಲ್ಕೋದ ಕಾಲುವೆಯಲ್ಲಿ, ಹೂವಿನ ದೋಣಿಯ ಮೇಲೆ, ವಾದ್ಯದವರನ್ನು ಸುತ್ತ ಕೂರಿಸಿಕೊಂಡು ದೋಣಿಯವನ ಹೆಂಡತಿಗೆ ಅಡುಗೆ ಕಲಿಸುತ್ತಾ ಸಿಕ್ಕಿದ. ಅಡುಗೆ ಅವನಿಗೆ ಬರುತ್ತಿರಲಿಲ್ಲ. ದೋನ್ ಎವೋದಿಯೋ ಕಿವಿ ಹಿಡಿದು ಎಳೆದು ತಂದರು.

"ಲೋ, ಈ ಬೆಲ್ಟು ಸೊಂಟಕ್ಕೆ ಅಂತ ಹೊಲಿದಿರೋದು. ಹೊಟ್ಟೆ ಬಂದ್ರೆ ಸುತ್ತು ಬರಲ್ಲ."

"ಹಾಗಾದ್ರೆ ಇನ್ನೆರಡು ತೂತು ಹೊಡೆಸಿ, ದೋನ್ ಎವೋದಿಯೋ."

ಅವನ ಮೇಲೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಯಾರಿಂದಲೂ ಆಗುತ್ತಿರಲಿಲ್ಲ. ಕುಡಿತ, ಕುಣಿತ, ಬೆಳಿಗ್ಗೆ ಓಡು ಎಂದರೆ ಬೀದಿ ಮೂಲೆಯವರೆಗೆ ಓಡಿ ಟ್ರಾಮ್ ಹತ್ತುವುದು, ಎಲ್ಲ ಇತ್ತು. ಆದರೆ ಅವನನ್ನು ನಿಜವಾಗಿ ಕೊಬ್ಬಿಸಿದ್ದು ಚರ್ಚಿನಲ್ಲಿ ಮಕ್ಕಳ ತಲೆಗೆ ನೀರು ಸುರಿಯುವ ಜ್ಞಾನಸ್ನಾನಗಳು. ಚಾಂಪಿಯನ್ ಆದದ್ದೇ ತಡ, ಬಡಾವಣೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅವನೇ ಜ್ಞಾನಪಿತ, ಎಂದರೆ ದೇವರ ಮುಂದಿನ ಎರಡನೇ ಅಪ್ಪ, ಆಗಬೇಕಾಯಿತು. ಕೇಳಿದವರಿಗೆ ಇಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಮಗುವನ್ನು ಎತ್ತಿ ಹಿಡಿಯಬೇಕು, ಆಮೇಲೆ ಆ ಮನೆಯಲ್ಲಿ ಮೊದಲ ತಟ್ಟೆ ಅವನದು, ಅವನು ತಿನ್ನದೆ ಯಾರೂ ತಿನ್ನುವಂತಿಲ್ಲ. ಟರ್ಕಿ ಕೋಳಿಯ ಮೇಲೆ ಮೋಲೆ ಎಂಬ ಮೆಣಸಿನಕಾಯಿಯ ಕಪ್ಪು ಗೊಜ್ಜು ಸುರಿದು ಕೊಡುತ್ತಾರೆ, ಪುಲ್ಕೆ ಎಂಬ ಕತ್ತಾಳೆ ಹೆಂಡದ ಲೋಟ ತುಂಬುತ್ತಲೇ ಇರುತ್ತಾರೆ. ಜೂನ್ ಮುಗಿಯುವಷ್ಟರಲ್ಲಿ ಹದಿನಾರು ಮಕ್ಕಳಾಗಿದ್ದವು. ತೂಕ ಅರವತ್ತಮೂರು ಕಿಲೋ.

ನಾನು ಒದ್ದೆ ಪೊರಕೆ ಹಿಡಿದು ಸ್ನಾನಗೃಹದ ಬಾಗಿಲಲ್ಲಿ ನಿಲ್ಲತೊಡಗಿದೆ. ಮಗು ಎತ್ತಿಕೊಂಡು ಯಾರು ಬಂದರೂ ಓಡಿಸುತ್ತಿದ್ದೆ. ಮೆಣಸಿನಕಾಯಿ ಮಾರುವ ಹೆಂಗಸೊಬ್ಬಳಂತೂ ಜಗ್ಗಲಿಲ್ಲ.

"ಚಾಂಪಿಯನ್ ಒಪ್ಪಿದಾರೆ. ನೀನ್ಯಾರಯ್ಯ ತಡೆಯೋಕೆ? ನೀರು ಕಾಯಿಸೋನು."

"ಹೌದಮ್ಮ, ನೀರು ಕಾಯಿಸೋನೇ. ನೀವೆಲ್ಲ ಸೇರಿ ತಿನ್ನಿಸಿದ್ದನ್ನ ಇಳಿಸೋನೂ ನಾನೇ. ಆಗಸ್ಟ್ ಕಳೀಲಿ, ಹತ್ತು ಮಕ್ಕಳನ್ನ ಸಾಲಾಗಿ ತಂದು ನಿಲ್ಲಿಸು."

"ಹತ್ತು ಹೆರೋಕೆ ನಿನ್ನ ಹೆಂಡ್ತೀನೂ ಸಹಾಯ ಮಾಡ್ತಾಳಾ?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದಳು.

ಆ ಮಾತು ಚುಚ್ಚಿತು. ನನ್ನ ಹೆಂಡತಿ ಎಪಿಫಾನಿಯಾ ನಾಲ್ಕು ಹೆತ್ತು ನಾಲ್ಕನ್ನೂ ಮಣ್ಣಿಗೆ ಕೊಟ್ಟಿದ್ದಳು. ಆಗ ಐದನೆಯದು ಹುಟ್ಟಿ ಆರು ವಾರವಾಗಿತ್ತು, ಹೆಣ್ಣುಮಗು, ಪೆತ್ರಾ ಎಂದು ಕರೆಯುತ್ತಿದ್ದೆವು. ಚಪ್ಪಲಿಯ ಡಬ್ಬದಲ್ಲಿ ಹತ್ತಿ ಹಾಸಿ ಮಲಗಿಸಿದರೆ ಇನ್ನೂ ಜಾಗ ಉಳಿಯುತ್ತಿತ್ತು. ಉಸಿರಾಡುತ್ತಿದೆಯೇ ಎಂದು ಇಬ್ಬರೂ ಪಾಳಿಯ ಮೇಲೆ ಬಗ್ಗಿ ನೋಡುತ್ತಿದ್ದೆವು. ಜುಲೈ ಕೊನೆಯಲ್ಲಿ ಕೆಮ್ಮು ಹಿಡಿಯಿತು. ಬೇಗ ಜ್ಞಾನಸ್ನಾನ ಮಾಡಿಸಿ ಎಂದು ಸೂಲಗಿತ್ತಿ ಮುಖ ತಿರುಗಿಸಿ ಹೇಳಿದಳು. ಮಗು ಉಳಿಯುವುದಿಲ್ಲ ಎಂದೇ ಅದರ ಅರ್ಥ, ಅದು ನಮಗೆ ಚೆನ್ನಾಗಿ ಗೊತ್ತಿತ್ತು.

"ನಬೋರನ್ನ ಕೇಳಿ," ಎಂದಳು ಎಪಿಫಾನಿಯಾ.

"ಪಂದ್ಯಕ್ಕೆ ಹತ್ತು ದಿನ ಇದೆ ಕಣೇ. ಬೇರೆ ಯಾರನ್ನಾದ್ರೂ—"

"ನಾಲ್ಕಕ್ಕೂ ಬೇರೆ ಯಾರಾದ್ರೂನೇ ಎತ್ತಿದ್ದು. ಅವನ ಕೈ ಗೆದ್ದ ಕೈ. ಊರಿನ ಮಕ್ಕಳನ್ನೆಲ್ಲ ಎತ್ತಿದಾನೆ, ಒಂದೂ ಸತ್ತಿಲ್ಲ. ನಿಮ್ಮ ಮಗಳಿಗೆ ಕೇಳೋಕೆ ಮಾತ್ರ ನಿಮಗೆ ನಾಲಿಗೆ ಬರಲ್ವಾ?"

ಮರುದಿನ ದೋನ್ ಎವೋದಿಯೋ ಮುಂದೆ ಹೋಗಿ ನಿಂತೆ. ಅವರು ಕೇಳುವ ಕಿವಿಯನ್ನೇ ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿಸಿಕೊಂಡರು.

"ಬೇರೆ ಯಾರು ಕೇಳಿದ್ರೂ ನಡೆಯೋದು, ಕಾಸ್ತುಲೋ. ನೀನು ಕೇಳಬಾರದು."

"ಒಂದು ತುತ್ತು ತಿನ್ನಿಸಲ್ಲ ದೋನ್ ಎವೋದಿಯೋ. ಮಗಳಾಣೆ."

"ನಾನು ಊಟದ ಮಾತು ಆಡ್ತಿಲ್ಲ," ಎಂದರು. ಆದರೆ ಬೇಡ ಎನ್ನಲಿಲ್ಲ. ನಮ್ಮ ನಾಲ್ಕು ಸಣ್ಣ ಪೆಟ್ಟಿಗೆಗಳಲ್ಲಿ ಎರಡಕ್ಕೆ ಅವರೂ ಹೆಗಲು ಕೊಟ್ಟಿದ್ದರು.

ನಬೋರ್ ಕೇಳಿದೊಡನೆ ಕುಣಿದುಬಿಟ್ಟ. ಭಾನುವಾರ ತನಗಿದ್ದ ಒಂದೇ ಸೂಟು ಹಾಕಿಕೊಂಡು ಬಂದ. ಅದರ ಗುಂಡಿ ಈಗ ಸಲೀಸಾಗಿ ಹಾಕಿಕೊಳ್ಳಲು ಬರುತ್ತಿತ್ತು, ನಾನು ಇಳಿಸಿದ್ದೆನಲ್ಲ. ಪಾದ್ರಿ ನೀರು ಸುರಿದಾಗ ಪೆತ್ರಾ ಮೊದಲ ಬಾರಿಗೆ ಜೋರಾಗಿ ಅತ್ತಳು. "ನೋಡಿ, ಇವಳಿಗೆ ಉಸಿರು ಚೆನ್ನಾಗಿದೆ, ಹದಿನೈದು ಸುತ್ತು ಆಡ್ತಾಳೆ," ಎಂದು ಅವನು ನಗುತ್ತಲೇ ಕಣ್ಣೊರೆಸಿಕೊಂಡ. ಮನೆಯಲ್ಲಿ ನಲವತ್ತು ಜನರಿಗೆ ಮೋಲೆ, ಜ್ಞಾನಪಿತನಿಗೆ ಉಪ್ಪಿಲ್ಲದೆ ಬೇಯಿಸಿದ ಕೋಳಿಯ ಎರಡು ಚೂರು. ಜನ ಬಿದ್ದು ಬಿದ್ದು ನಕ್ಕರು. ಮಾತು ಉಳಿಸಿಕೊಂಡೆ ಎಂದು ನಾನು ಎದೆಯುಬ್ಬಿಸಿ ಓಡಾಡಿದೆ. ಹೋಗುವಾಗ ಅವನು ನನ್ನನ್ನು ತಬ್ಬಿಕೊಂಡು, "ಬರ್ತೀನಿ ಕಂಪಾದ್ರೆ," ಎಂದ.

ನಮ್ಮಲ್ಲಿ ಮಗುವಿನ ಅಪ್ಪ ಮತ್ತು ಅದರ ಜ್ಞಾನಪಿತ ಕಂಪಾದ್ರೆಗಳು. ಅಣ್ಣತಮ್ಮಂದಿರು ಜಗಳ ಆಡಬಹುದು, ಕಂಪಾದ್ರೆಗಳು ಆಡುವಂತಿಲ್ಲ. ನಿನ್ನೆಯವರೆಗೆ ಲೋ ಎನ್ನುತ್ತಿದ್ದವನನ್ನು ಬಹುವಚನದಲ್ಲಿ ಮಾತಾಡಿಸಬೇಕು. ಕೈ ಎತ್ತುವಂತಿಲ್ಲ, ಬೈಯುವಂತಿಲ್ಲ, ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಇದೆಲ್ಲ ನನಗೆ ಹುಟ್ಟಿನಿಂದ ಗೊತ್ತು. ಗೊತ್ತಿದ್ದೂ ನಾನು ಅವನ ತಟ್ಟೆಯನ್ನಷ್ಟೇ ಕಾವಲು ಕಾದೆ.

ಪಂದ್ಯದ ದಿನ ಬೆಳಿಗ್ಗೆ ನಮ್ಮ ಯಂತ್ರದ ಮೇಲೆ ಐವತ್ತೇಳು ಕಿಲೋ ಎಂಟುನೂರು ತೋರಿಸಿತು. ಇನ್ನು ಆರುನೂರೈವತ್ತು ಗ್ರಾಮ್. ಅದೇನು ದೊಡ್ಡ ವಿಷಯವಲ್ಲ, ನಲವತ್ತು ನಿಮಿಷದ ಹಬೆ. ಅಧಿಕೃತ ತೂಕ ಹನ್ನೊಂದು ಗಂಟೆಗೆ. ಕಾಗದಪತ್ರ ನೋಡಲು ದೋನ್ ಎವೋದಿಯೋ ಮುಂಚೆಯೇ ಹೊರಟರು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು.

"ನಲವತ್ತು ನಿಮಿಷ. ಅಗುಳಿ ಮುಟ್ಟಬೇಡ."

"ಹನ್ನೊಂದು ವರ್ಷದಿಂದ ಮುಟ್ಟಿಲ್ಲ," ಎಂದೆ.

ಹತ್ತು ನಿಮಿಷ ಒಳಗಿನಿಂದ ಹಾಡು ಕೇಳಿಸಿತು. ಆಮೇಲೆ ಹಾಡು ನಿಂತಿತು. ಇಪ್ಪತ್ತನೇ ನಿಮಿಷಕ್ಕೆ ಬಾಗಿಲ ಮೇಲೆ ಬೆರಳಿನಿಂದ ತಟ್ಟಿದ. ಬಡಿಯಲಿಲ್ಲ, ಬೈಯಲಿಲ್ಲ, ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದ ಹಾಗೆ ತಟ್ಟಿದ.

"ಕಂಪಾದ್ರೆ."

ನಾನು ಗಡಿಯಾರ ನೋಡಿದೆ.

"ಕಂಪಾದ್ರೆ, ಬಾಯಿ ಅಂಟಿಕೊಳ್ತಿದೆ. ಒಂದು ನಿಮಿಷ ತೆಗೀರಿ. ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳಲಿ?"

ಕಂಪಾದ್ರೆಯಾಗದೆ ಬರೀ ನಬೋರನಾಗಿ ಉಳಿದಿದ್ದರೆ, "ಸಾಯಿ ಅಲ್ಲೇ, ಪೋಲಿ," ಎನ್ನುತ್ತಿದ್ದೆ. ಹಿಂದೆ ನೂರು ಸಲ ಅಂದಿದ್ದೇನೆ. ಈಗ ಹಾಗೆ ಅನ್ನುವಂತಿರಲಿಲ್ಲ. ಆ ಹಿಂದಿನ ರಾತ್ರಿ ಪೆತ್ರಾ ಕೆಮ್ಮದೆ ನಿದ್ದೆ ಮಾಡಿದ್ದಳು. ನನ್ನ ಮಗಳನ್ನು ಎತ್ತಿ ಹಿಡಿದ ಕೈ ಬಾಗಿಲ ಆಚೆ ಇತ್ತು. ನಾನು ಎದ್ದು ಅಗುಳಿ ತೆಗೆದೆ.

ತಣ್ಣನೆಯ ಮೊಸಾಯಿಕ್ ನೆಲದ ಮೇಲೆ ಕಾಲು ಚಾಚಿ ಕೂತ. ನನ್ನ ಬುತ್ತಿಯಲ್ಲಿ ಕಿತ್ತಳೆ ಇತ್ತು, ಅರ್ಧ ಕೊಟ್ಟೆ. ಚೀಪಿ ಉಗಿಯಿರಿ ಎಂದೆ. ಅವನು ಉಗಿಯಲಿಲ್ಲ, ನಾನು ನೋಡಿಯೂ ಸುಮ್ಮನಿದ್ದೆ. ಒಂದು ನಿಮಿಷ ಐದಾಯಿತು. ಮತ್ತೆ ಒಳಗೆ ಹೋದಾಗ ಬೆವರು ನಿಂತುಹೋಗಿತ್ತು. ಮೈ ಒಮ್ಮೆ ತಣಿದರೆ ಮತ್ತೆ ಬಿಟ್ಟುಕೊಡುವುದಿಲ್ಲ, ಈ ಕಸುಬಿನಲ್ಲಿ ಮೊದಲು ಕಲಿಯುವುದೇ ಅದು.

ಹನ್ನೊಂದಕ್ಕೆ ಅಧಿಕಾರಿಗಳ ಮುಂದೆ ಐವತ್ತೇಳು ಮುನ್ನೂರೈವತ್ತು. ಒಂದು ಗಂಟೆ ಅವಕಾಶ ಕೊಟ್ಟರು. ಒಳಚಡ್ಡಿಯನ್ನೂ ಬಿಚ್ಚಿಸಿ ಟವೆಲಿನ ಮರೆಯಲ್ಲಿ ನಿಲ್ಲಿಸಿದೆವು. ದೋನ್ ಎವೋದಿಯೋ ಅವನ ಗುಂಗುರು ಕೂದಲನ್ನೆಲ್ಲ ಕತ್ತರಿಸಿ ಹಾಕಿದರು. ಮೆಟ್ಟಿಲ ಮೇಲೆ ಓಡಿಸಿದರು, ಒಣ ಬಾಯಲ್ಲಿ ಉಗುಳಿಸಿದರು. ಕೊನೆಯ ಸಲ ಹತ್ತಿದಾಗ ಐವತ್ತೇಳು ಇನ್ನೂರೈವತ್ತು. ನೂರು ಗ್ರಾಮ್ ಹೆಚ್ಚು. ಗುಮಾಸ್ತ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದ. ಅಲ್ಲಿಗೆ ಮುಗಿಯಿತು.

ಪಂದ್ಯವೇನೋ ನಡೆಯಿತು, ಪಟ್ಟಕ್ಕಲ್ಲ. ಮೂರನೇ ಸುತ್ತಿನಲ್ಲೇ ಪನಾಮಾದವನನ್ನು ನೆಲ ಕಚ್ಚಿಸಿದ. ಬೋಳುತಲೆಯ ಚಾಂಪಿಯನ್ ಅಲ್ಲದ ಚಾಂಪಿಯನ್ ನಗುತ್ತಾ ಕೈ ಎತ್ತಿದ, ಜನ ಎದ್ದು ನಿಂತು ಕೂಗಿದರು. ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ಅವನು ಆ ತೂಕಕ್ಕೆ ಎಂದೂ ಇಳಿಯಲಿಲ್ಲ. ಮೇಲಿನ ತೂಕದ ವರ್ಗದ ಗಟ್ಟಿಗರು ಮೂರು ವರ್ಷ ಅವನನ್ನು ಚೆನ್ನಾಗಿ ಹೊಡೆದರು. ಕುಡಿದ, ಕುಣಿದ, ಅಶಿಸ್ತಿನಿಂದ ಕೆಟ್ಟ ಎಂದು ಎಲ್ಲರೂ ಬರೆದರು. ದೋನ್ ಎವೋದಿಯೋ ಸಾಯುವವರೆಗೂ ಆ ಬೆಳಗಿನ ಬಗ್ಗೆ ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಮಾರುಕಟ್ಟೆಯಲ್ಲಿ ಒಮ್ಮೆ ಅರ್ಧ ಕಿತ್ತಳೆಯನ್ನು ತಕ್ಕಡಿಗೆ ಹಾಕಿಯೂ ನೋಡಿದ್ದೇನೆ. ತೊಂಬತ್ತು ಗ್ರಾಮ್.

ನಬೋರ್ ಮತ್ತೆ ಈರುಳ್ಳಿಗೇ ಬಂದ, ಈ ಸಲ ಸ್ವಂತ ಅಂಗಡಿ. ಹೊಟ್ಟೆ ಬೆಳೆಸಿದ, ಕೂದಲು ಮತ್ತೆ ಗುಂಗುರಾಗಿ ಬಂದು ಬೆಳ್ಳಗಾಯಿತು. ಪೆತ್ರಾಳ ಪ್ರತಿ ಹುಟ್ಟುಹಬ್ಬಕ್ಕೂ ಬರುತ್ತಿದ್ದ. ಅವಳ ಮದುವೆಯಲ್ಲಿ ನನಗಿಂತ ಹೆಚ್ಚು ಅತ್ತ, ನನಗಿಂತ ಹೆಚ್ಚು ಕುಡಿದ. ಆ ಬೀದಿಗಳು, ಆ ಜನ, ಗರಡಿಯಿಂದ ಕೆಳಗಿಳಿದು ಬರುತ್ತಿದ್ದ ಆ ಎಣ್ಣೆ ಬೆವರಿನ ವಾಸನೆ, ಎಲ್ಲ ಹೋದವು.

ಹೋದ ವರ್ಷ ಎಪಿಫಾನಿಯಾಳ ತಿಥಿಯ ಪ್ರಾರ್ಥನೆ ಮುಗಿಸಿ ಅವನ ಅಂಗಡಿಯಲ್ಲಿ ಕೂತಿದ್ದೆ. ಇನ್ನೆಷ್ಟು ದಿನ ಇರುತ್ತೇನೋ ಎನ್ನಿಸಿತು, ಹೇಳಿಯೇಬಿಟ್ಟೆ.

"ಕಂಪಾದ್ರೆ, ನಿಮ್ಮ ಪಟ್ಟ ಕಳೆದವನು ನಾನು. ಆವತ್ತು ನಾನು ಬಾಗಿಲು ತೆಗೀಬಾರದಿತ್ತು."

ಅವನು ಕೊಳೆತ ಈರುಳ್ಳಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನೀವು ತೆಗೀತೀರ ಅಂತ ಗೊತ್ತಿದ್ದಕ್ಕೇ ನಾನು ತಟ್ಟಿದ್ದು. ದೋನ್ ಎವೋದಿಯೋ ಕೂತಿದ್ದಿದ್ರೆ ತಟ್ತಾನೇ ಇರ್ಲಿಲ್ಲ."

ಸಮಾಧಾನ ಹೇಳಲೆಂದೇ ಅವನು ಹಾಗೆ ಅಂದದ್ದು. ನನಗೆ ಕೇಳಿಸಿದ್ದೇ ಬೇರೆ.

"ಹಾಗಾದ್ರೆ ಅವರು ಕೂತಿದ್ದಿದ್ರೆ ಪಟ್ಟ ಉಳೀತಿತ್ತು," ಎಂದೆ.

"ಉಳೀತಿತ್ತು," ಎಂದ ನಬೋರ್, ಸ್ವಲ್ಪವೂ ಕಹಿಯಿಲ್ಲದೆ. "ಎಷ್ಟು ದಿನ? ಇನ್ನೊಂದು ವರ್ಷ? ಪೆತ್ರಾಗೆ ಈಗ ಐವತ್ತು ಆಗ್ತಾ ಬಂತು ಕಂಪಾದ್ರೆ."