ಮುಂದೆ ನಡೆಯುವವಳು

ಸ್ವಪ್ನಾ ಬೆನ್ನುಚೀಲ ತುಂಬಿದಳು, ಬಿಚ್ಚಿದಳು, ಮತ್ತೆ ತುಂಬಿದಳು. ಮೇಲುಗಡೆ ಮಳೆಯಂಗಿ ಇರಬೇಕೋ ಗ್ಲೂಕೋಸ್ ಪೊಟ್ಟಣವೋ ಎಂಬುದು ತೀರ್ಮಾನವಾಗಲೇ ಇಲ್ಲ. ಬೆಳಗಾದರೆ ಜರ್ಮನಿಯ ಐಫೆಲ್ ಗುಡ್ಡಗಳಿಗೆ ಹೋಗಿ, ಹಗಲೆಲ್ಲ ನಡೆದು, ಕತ್ತಲಾಗುವಷ್ಟರಲ್ಲಿ ಮರಳಿ ಡಚ್ ನಾಡಿನಲ್ಲಿ ತಾವಿರುವ ಊರಾದ ಡೀಮೆನ್‌ಗೆ ಹೊರಡಬೇಕು. ಒಂದು ಕಾಲಕ್ಕೆ ಬೆಂಕಿ ಉಗುಳಿದ ಬೆಟ್ಟಗಳವು. ಈಗ ಅವುಗಳ ಬಾಯಲ್ಲಿ ನೀರು ನಿಂತು ದುಂಡನೆಯ ಕೆರೆಗಳಾಗಿವೆ. ದಾರಿ ಗೊತ್ತುಮಾಡಿದವಳು ಅವಳೇ. ಸಂಜೆ ತರಗತಿಗೆ ಹೋಗಿ ನಕ್ಷೆ ಓದುವುದನ್ನು ಕಲಿತಿದ್ದಾಳೆ ಎಂಬ ಒಂದೇ ಕಾರಣಕ್ಕೆ ಕನ್ನಡದವರ ನಡಿಗೆ ಬಳಗ ಅವಳನ್ನು ಮುಂದೆ ಬಿಟ್ಟಿತ್ತು. ಪ್ರತಿ ಕವಲಿನಲ್ಲೂ ಅವಳು ನಕ್ಷೆಯನ್ನು ಎರಡೆರಡು ಸಲ ನೋಡುತ್ತಿದ್ದಳು. ಇದುವರೆಗೆ ದಾರಿ ತಪ್ಪಿರಲಿಲ್ಲ, ಆದರೆ ಅದು ತನ್ನ ಜಾಣತನವಲ್ಲ, ಅದೃಷ್ಟ ಎಂದೇ ಅವಳ ನಂಬಿಕೆ.

ಈ ಸಲದ ತಳಮಳ ಮಾತ್ರ ದಾರಿಯದಲ್ಲ, ಅತ್ತೆಯದು.

ಕಳೆದ ಭಾನುವಾರ ಹಾರ್ಲೆಮ್ ಆಚೆಯ ಮರಳುದಿಬ್ಬವನ್ನು ಇಬ್ಬರೇ ಹತ್ತುವಾಗ ಅತ್ತೆ ಅನ್ನಪೂರ್ಣವ್ವ ಇದ್ದಕ್ಕಿದ್ದಂತೆ ಕೂತುಬಿಟ್ಟಿದ್ದರು. ಹಣೆಯಲ್ಲಿ ಬೆವರು, ಬೆರಳುಗಳಲ್ಲಿ ನಡುಕ. ಸ್ವಪ್ನಾ ಬಾಯಿಗೆ ಚಾಕಲೇಟು ಇಟ್ಟ ಮೇಲೆ ಸುಧಾರಿಸಿಕೊಂಡು ಅವಳ ಕೈ ಹಿಡಿದಿದ್ದರು. "ವಿರೂಪಾಕ್ಷಗ ಹೇಳಬ್ಯಾಡ."

ಅವಳು ಹೇಳಿರಲಿಲ್ಲ. ತಾಯಿ ಸೀನಿದರೂ ಫೋನಿನಲ್ಲಿ ರೋಗ ಹುಡುಕುವ ಗಂಡ ಅವನು. ಹೇಳಿದರೆ ಬೆಟ್ಟದ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ವಾರ ಅತ್ತೆ ಜಮಖಂಡಿಗೆ ಹೊರಡುವವರು. ಬಂದಾಗಿನಿಂದ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ: ಒಂದು ಬೆಟ್ಟ ತೋರಿಸು.

ಚೀಲ ಅಲ್ಲೇ ಬಿಟ್ಟು ಸ್ವಪ್ನಾ ಕಿಟಕಿಗೆ ಬಂದಳು. ಫ್ಲ್ಯಾಟಿನ ಹಿಂದಿನ ಕಾಲುವೆಯ ದಂಡೆಯಲ್ಲಿ ಅತ್ತೆ ಕೂತಿದ್ದರು. ದಿನಾ ಬೆಳಗಿನ ರೊಟ್ಟಿಯನ್ನು ಕಟ್ಟಿಕೊಂಡು, "ಬಿಸಲಾಗ ಕುಂತು ತಿಂತೀನಿ" ಎಂದು ಅಲ್ಲಿಗೆ ಹೋಗುವುದು ಅವರ ರೂಢಿ. ಹೂವಿನ ಅಂಗಡಿಯ ಕೆಲಸಕ್ಕೆ ಓಡುವ ಸ್ವಪ್ನಾ ಅದನ್ನು ನಿಂತು ನೋಡಿದ್ದೇ ಇಲ್ಲ. ಇವತ್ತು ರಜೆ ಹಾಕಿದ್ದರಿಂದ ಕಂಡಿತು. ಅತ್ತೆಯ ಸುತ್ತ ಬಾತುಕೋಳಿಗಳ ಸಂತೆಯೇ ನೆರೆದಿತ್ತು.

ಅವಳು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಳು. ಬಾತುಗಳ ಕೊಕ್ಕಿನಲ್ಲಿ ಜೋಳದ ರೊಟ್ಟಿ ಇತ್ತು.

"ಅತ್ತೀ, ಇದೇನ್ರಿ?"

"ಪಾಪ, ಪಕ್ಷಿ ಉಪವಾಸ ಇರಬಾರದವ್ವ."

"ನೀವು ಇರಬಹುದೇನ್ರಿ?"

ಅನ್ನಪೂರ್ಣವ್ವ ಸೆರಗಿನ ತುಣುಕುಗಳನ್ನು ನೀರಿಗೆ ಕೊಡವಿದರು. ಆಮೇಲೆ ಹೇಳಿದರು.

ಯುಗಾದಿ ಬಂತೆಂದರೆ ಊರಿನವರು ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಆ ಗುಂಪಿನಲ್ಲಿ ಅನ್ನಪೂರ್ಣವ್ವ ಇರಲೇಬೇಕು. ಈ ಸಲ ಮಗ ಸರಿಯಾಗಿ ಅದೇ ಹೊತ್ತಿಗೆ ಇಲ್ಲಿಗೆ ಬರುವ ಟಿಕೆಟ್ ಮಾಡಿಸಿದ್ದ. ಅವನು ಕೇಳಲಿಲ್ಲ, ಇವರು ಹೇಳಲಿಲ್ಲ.

"ಮಲ್ಲಯ್ಯನ ಶಿಖರ ಕಾಣೂದು ತಪ್ಪಿತು. ಯಾವುದರ ಒಂದು ಬೆಟ್ಟದ ತುದಿ ಕಣ್ಣಿಗೆ ಬೀಳೂತನಕ ಒಪ್ಪತ್ತು ಉಣ್ತೀನಿ ಅಂತ ಬೇಡಿಕೊಂಡೆ. ರಾತ್ರಿ ನಿಮ್ಮ ಜೋಡಿ ಉಣ್ಣೂದಷ್ಟ. ಈ ದೇಶ ಹಂಚಿನಂಗ ಸಪಾಟ ಐತಿ ಅಂತ ನನಗೇನ ಗೊತ್ತು!"

"ಮತ್ತ ಸಕ್ಕರಿ ಬ್ಯಾನಿ ಗುಳಿಗಿ?"

"ಅದನ್ನ ಬಿಟ್ಟಿಲ್ಲವ್ವ. ಮುಂಜಾನೆ ಎದ್ದ ಕೂಡಲೆ ತಗೋತೀನಿ."

ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಸಕ್ಕರೆ ಕುಸಿಯದೆ ಇರುತ್ತದೆಯೇ? ದಿಬ್ಬದ ಮೇಲಿನ ನಡುಕದ ಕಾರಣ ಕಾಲಬುಡದಲ್ಲೇ ಕ್ವಾಕ್ ಕ್ವಾಕ್ ಎನ್ನುತ್ತಿತ್ತು.

"ಈಗ ಊಟ ಮಾಡ್ರಿ ಅತ್ತೀ, ಕೈಮುಗೀತೀನಿ."

"ನಾಳೆ ಬೆಟ್ಟ ಕಾಣ್ತೈತಲ್ಲ, ಕಂಡ ಮ್ಯಾಲೆ ಉಣ್ತೀನಿ. ಅಂವಗ ಹೇಳಿದಿ ಅಂದ್ರ ನನ್ನ ಮನ್ಯಾಗ ಕಟ್ಟಿ ಹಾಕ್ತಾನ."

ಸ್ವಪ್ನಾ ಹೇಳುತ್ತೇನೆ ಎನ್ನಲೂ ಇಲ್ಲ, ಹೇಳುವುದಿಲ್ಲ ಎಂದು ಮಾತು ಕೊಡಲೂ ಇಲ್ಲ. ನಾಳೆ ಬರಿಹೊಟ್ಟೆಯಲ್ಲಿ ನುಂಗದಿರಲೆಂದು ಗುಳಿಗೆಗಳನ್ನು ಕೇಳಿ ಪಡೆದು ತನ್ನ ಜೇಬಿಗೆ ಹಾಕಿಕೊಂಡಳು. ಮೇಲೆ ಹೋಗಿ ನಕ್ಷೆ ಹರಡಿದಳು. ಉಣ್ಣದವರನ್ನು ಬೆಟ್ಟ ಹತ್ತಿಸುವಂತಿಲ್ಲ, ಬೆಟ್ಟ ಕಾಣದೆ ಅವರು ಉಣ್ಣುವುದಿಲ್ಲ. ಗಡಿ ದಾಟುವ ಮೊದಲೇ, ದೇಶದ ದಕ್ಷಿಣದ ತುದಿಯ ವಾಲ್ಸ್ ಎಂಬಲ್ಲಿ ಒಂದು ಗುಡ್ಡ, ಗುಡ್ಡದ ಮೇಲೊಂದು ಗೋಪುರ. ಅಲ್ಲಿಂದ ಆಚೆಯ ಬೆಟ್ಟಗಳು ಕಂಡರೂ ಕಂಡಾವು. ಕಾಣದಿದ್ದರೆ?

ಮರುದಿನ, ಶನಿವಾರ, ಕಾರು ಓಡಿಸುತ್ತಿದ್ದವನು ವಿರೂಪಾಕ್ಷ. ಪಕ್ಕದಲ್ಲಿ ಬೆಂಗಳೂರಿನ ಸುಜಯ್, ಆಮ್‌ಸ್ಟರ್‌ಡ್ಯಾಮಿನಲ್ಲಿ ಓದುತ್ತಿರುವ ಹುಡುಗ. ಬಳಗದ ಉಳಿದವರು ನೇರವಾಗಿ ಕೆರೆಯ ಹತ್ತಿರ ಸಿಗುವವರಿದ್ದರು. ಹಿಂದಿನ ಸೀಟಿನಲ್ಲಿ ಸ್ವಪ್ನಾ ಅತ್ತೆಯ ಮುಖವನ್ನೇ ನೋಡುತ್ತ ಕೂತಿದ್ದಳು.

"ವಾಲ್ಸ್ ಕಡೆ ತಿರುಗಸ್ರಿ," ಎಂದಳು.

"ಲೇಟಾಗ್ತದ. ಅಲ್ಲೇನೈತಿ?"

"ಬೆಟ್ಟ ರೀ."

ಸುಜಯ್ ನಕ್ಕ. "ಅಕ್ಕಾ, ಅದನ್ನ ಬೆಟ್ಟ ಅಂತೀರಾ? ಮಲ್ಲೇಶ್ವರಂ ಏರು ಹತ್ತಿದ್ರೆ ಅದಕ್ಕಿಂತ ಜಾಸ್ತಿ ಸುಸ್ತಾಗುತ್ತೆ!"

"ಲೀಡರ್ ಹೇಳ್ಯಾಳಪ್ಪ, ತಿರುಗಸ್ತೀನಿ," ಎಂದ ವಿರೂಪಾಕ್ಷ ಅರ್ಧ ತಮಾಷೆಗೆ.

ಗೋಪುರದ ಬುಡದಲ್ಲಿ ಅನ್ನಪೂರ್ಣವ್ವ ಮೆಟ್ಟಿಲ ಕಡೆ ನಡೆದರು. ಸ್ವಪ್ನಾ ತೋಳು ಹಿಡಿದು ಲಿಫ್ಟಿನೊಳಗೆ ಕರೆದುಕೊಂಡಳು. "ದೇವರ ಹತ್ರ ಲಿಫ್ಟಿನ್ಯಾಗ ಹೋಗೂದೇನ?" ಎಂದು ಗೊಣಗಿದರೂ ಅತ್ತೆ ಬಂದರು. ಗಂಡಸರು ಕಾಫಿಗೆಂದು ಕೆಳಗೇ ಉಳಿದರು.

ಮೇಲೆ ಹೋದರೆ ಎಲ್ಲ ಕಡೆ ಮಂಜು. ಕಾಡು ಕಾಣುತ್ತಿರಲಿಲ್ಲ, ಊರು ಕಾಣುತ್ತಿರಲಿಲ್ಲ. ಅತ್ತೆ ಕಂಬಿ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಸ್ವಪ್ನಾ ಅವರ ಬೆರಳುಗಳನ್ನು ನೋಡುತ್ತಿದ್ದಳು. ನಡುಗುತ್ತಿವೆಯೇ? ಚಳಿಗೋ? ಇನ್ನು ಸ್ವಲ್ಪ ಕಾಯಬೇಕೋ, ಈಗಲೇ ಗಂಡನನ್ನು ಕೂಗಬೇಕೋ? ಜೇಬಿನೊಳಗಿನ ಗ್ಲೂಕೋಸ್ ಪೊಟ್ಟಣ ಅವಳ ಹಿಡಿತಕ್ಕೆ ಸಿಕ್ಕು ಮೆತ್ತಗಾಗಿತ್ತು.

ಗಾಳಿ ಬೀಸಿತು. ಮಂಜು ಒಂದು ಕಡೆ ಹರಿದು, ದೂರದಲ್ಲಿ ನೀಲಿ ಗೆರೆಯೊಂದು ಎದ್ದು ನಿಂತಿತು.

"ಬೆಂಕಿ ಬೆಟ್ಟ ಅದ ಏನವ್ವ?"

ಹೌದು ಎಂದರೆ ಮುಗಿಯಿತು. ಅತ್ತೆ ಉಣ್ಣುತ್ತಾರೆ. ಆದರೆ ನಕ್ಷೆ ಅವಳ ತಲೆಯೊಳಗೆ ಬಿಚ್ಚಿಕೊಂಡೇ ಇತ್ತು.

"ಅಲ್ರಿ ಅತ್ತೀ. ಅವು ಈಚೀ ಕಡೆ ಗುಡ್ಡ. ಬೆಂಕಿ ಬೆಟ್ಟ ಅವುಗಳ ಹಿಂದ ಭಾಳ ದೂರ ಅದಾವು. ಇಲ್ಲಿಂದ ಕಾಣೂದಿಲ್ಲ ಅನಸ್ತದ." ಅವಳ ದನಿ ಕುಗ್ಗಿತು. ಇಷ್ಟು ದೂರ ತಿರುಗಿಸಿಕೊಂಡು ಬಂದದ್ದು ಇದನ್ನು ಹೇಳುವುದಕ್ಕೇ?

ಅನ್ನಪೂರ್ಣವ್ವ ಗೆರೆಯನ್ನು ನೋಡಿದರು, ಸೊಸೆಯನ್ನು ನೋಡಿದರು.

"ನಾನೂ ಯಾವುದರ ಒಂದು ತುದಿ ಅಂತ ಬೇಡಿಕೊಂಡಾಕಿ. ಇದು ತುದಿ ಹೌದೋ ಅಲ್ಲೋ ನನಗ ತಿಳೀವಲ್ದು. ನಮ್ಮ ಪಾದಯಾತ್ರಿಯೊಳಗ ಒಂದು ಪದ್ಧತಿ ಐತಿ. ಮುಂದ ನಡಿಯಾಕಿ ಕುಂಡ್ರು ಅಂದ್ರ ಕುಂಡ್ರಬೇಕು, ಉಣ್ಣು ಅಂದ್ರ ಉಣ್ಣಬೇಕು. ಆಕಿ ಮಾತು ಮೀರಿದ್ರ ಮಲ್ಲಯ್ಯ ಒಪ್ಪೂದಿಲ್ಲ. ಇವತ್ತು ಮುಂದ ನಡಿಯಾಕಿ ಯಾರು?"

ಸ್ವಪ್ನಾ ಬಾಯಿ ತೆರೆದಳು. ನಾನೇ ಎನ್ನುವುದು ಸುಲಭವಿರಲಿಲ್ಲ. ತನ್ನ ಮಾತಿಗೆ ಅತ್ತೆಯ ಹರಕೆ ಮುರಿದು, ಮುಂದೆ ಏನಾದರೂ ಕೆಟ್ಟದ್ದಾದರೆ? ಅತ್ತೆಯ ಹಣೆಯಲ್ಲಿ, ಈ ಚಳಿಯಲ್ಲಿ, ಬೆವರಿನ ಒಂದು ಹನಿ ಕಂಡಿತು.

"ಉಣ್ರಿ," ಎಂದಳು. ಕೇಳಿಸಿತೋ ಇಲ್ಲವೋ ಎಂದು ಮತ್ತೆ, ಬೇಕಾದ್ದಕ್ಕಿಂತ ಜೋರಾಗಿ, "ಇಲ್ಲೇ ಕುಂಡ್ರಿ, ಈಗ ಉಣ್ರಿ!"

ಅಲ್ಲಿದ್ದ ಡಚ್ ದಂಪತಿ ಬೆಚ್ಚಿ ತಿರುಗಿದರು. ಅನ್ನಪೂರ್ಣವ್ವ ನೀಲಿ ಗೆರೆಗೆ ಕೈಮುಗಿದು ಅಲ್ಲೇ ನೆಲಕ್ಕೆ ಕೂತರು. ಸ್ವಪ್ನಾ ಮೊದಲು ಗ್ಲೂಕೋಸ್ ನೀರು ಕುಡಿಸಿದಳು, ಆಮೇಲೆ ಅತ್ತೆಯ ಚೀಲದಿಂದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ತೆಗೆದುಕೊಟ್ಟಳು. ಒಂದು ರೊಟ್ಟಿ ಮುಗಿದ ಮೇಲೆ ಅತ್ತೆ ಇನ್ನೊಂದಕ್ಕೆ ಕೈ ಚಾಚಿದರು.

ಹುಡುಕುತ್ತ ಮೇಲೆ ಬಂದ ವಿರೂಪಾಕ್ಷ ನೆಲದ ಮೇಲೆ ಊಟ ನಡೆದಿರುವುದನ್ನು ಕಂಡು ನಿಂತ. ಸ್ವಪ್ನಾ ಎದ್ದು ಎಲ್ಲವನ್ನೂ ಹೇಳಿದಳು: ದಿಬ್ಬ, ಹರಕೆ, ಗುಳಿಗೆ, ಬಾತುಕೋಳಿ. ಅವನ ಮುಖ ಬಿಳಿಚಿ ಆಮೇಲೆ ಕೆಂಪಾಯಿತು.

"ಒಂದು ವಾರ ಮುಚ್ಚಿಟ್ಟೀಯಲ್ಲ! ನಡೀರಿ, ಮನೀಗೆ ಹೋಗೂಣು."

"ಮುಚ್ಚಿಟ್ಟದ್ದು ನನ್ನ ತಪ್ಪು ರೀ," ಎಂದಳು ಸ್ವಪ್ನಾ. "ಬೆಟ್ಟ ಹತ್ತಿಸೂದಿಲ್ಲ. ಕೆರಿ ಸುತ್ತಿನ ದಾರಿ ಸಪಾಟ ಐತಿ, ಅಲ್ಲಿ ಸ್ವಲ್ಪ ನಡ್ಯೂಣು. ಕಾರಿನ್ಯಾಗ ಮಶೀನ್ ಐತಿ, ನಡುವ ನಡುವ ಸಕ್ಕರಿ ನೋಡ್ತೀನಿ, ಕಡಿಮಿ ಆದ್ರ ಅಲ್ಲಿಂದನ ವಾಪಸ್."

"ಬೆಟ್ಟ ಹತ್ತೂದಿಲ್ಲೇನ?" ಅತ್ತೆಯ ಕೈ ತುತ್ತಿನ ಸಮೇತ ನಿಂತಿತು.

"ಇಲ್ರಿ."

ಅನ್ನಪೂರ್ಣವ್ವ ತುತ್ತು ಬಾಯಿಗಿಟ್ಟು ಅಗಿದರು. ಬೇಸರ ಮುಖದ ಮೇಲೇ ಇತ್ತು. ಕಡೆಗೆ ಮಗನತ್ತ ತಿರುಗಿ, "ಟಿಕೆಟ್ ಮಾಡಿಸೂ ಮೊದಲ ನೀ ಕೇಳಿದ್ಯೇನು? ಹಂಗಾದ್ರ ಸುಮ್ನಿರು. ಆಕಿ ಹೇಳ್ಯಾಳ," ಎಂದರು.

ವಿರೂಪಾಕ್ಷ ತಾಯಿಯ ಚೀಲ ಎತ್ತಿಕೊಂಡು ಹೆಗಲಿಗೆ ಹಾಕಿದ.

ಕಾರಿನ ಕಡೆಗೆ ಇಳಿಜಾರಿನಲ್ಲಿ ನಡೆಯುವಾಗ ಸ್ವಪ್ನಾ ಅತ್ತೆಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಳು. ಅತ್ತೆ ಮುಂದೆ ಹೋಗಲಿಲ್ಲ. ಅವಳು ಹೊರಡುವವರೆಗೆ ನಿಂತೇ ಇದ್ದರು. ಸ್ವಪ್ನಾ ನಡೆದಳು. ತಿರುಗಿ ನೋಡಿದಳು, ನಡೆದಳು, ಮತ್ತೆ ತಿರುಗಿದಳು.

"ಹಿಂದ ನೋಡಬ್ಯಾಡ, ಬರಾಕತ್ತೀನಿ," ಎಂದರು ಅನ್ನಪೂರ್ಣವ್ವ.

ಅವಳು ಆದರೂ ನೋಡಿದಳು.